ಶಾಕಬ್ಸರ್ ಹೊಸದು, ಸದ್ದು ಹಳೇದು

ಈ ಸಲದ ಸಂಚಿಕೆಗೆ ಮೆಕ್ಯಾನಿಕಲ್‌ನವರಿಂದ ಒಂದು ಲೇಖನ ಬೇಕೇ ಬೇಕು ಅಂತ ಸಂಘದ ಸೀನಿಯರ್‌ಗಳು ಹಿಡಿದುಕೊಂಡಾಗ ನಾವು ನಾಲ್ಕು ಜನ ಮುಖ ಮುಖ ನೋಡಿಕೊಂಡೆವು. ನಮಗೆ ಗೊತ್ತಿರೋದೆಲ್ಲ ಇಂಗ್ಲಿಷಿನಲ್ಲಿ ಓದಿದ್ದು. ಸ್ಪ್ರಿಂಗಿಗೆ ಕನ್ನಡದಲ್ಲಿ ಏನಂತಾರೆ ಅಂತ ಕೇಳಿದರೆ ಸ್ಪ್ರಿಂಗ್ ಅಂತಲೇ ಹೇಳೋರು ನಾವು. ಆದರೆ ಕಳೆದ ರಜೆಯಲ್ಲಿ ಒಂದು ಕಾರಿನ ಸಸ್ಪೆನ್ಷನ್ ಬಿಚ್ಚಿ, ಅರೆಬರೆ ಜೋಡಿಸಿ, ಬೈಸಿಕೊಂಡು, ಮತ್ತೆ ಬಿಚ್ಚಿ ಜೋಡಿಸಿದ್ದೇವೆ. ಅದನ್ನೇ ಬರೆಯುತ್ತಿದ್ದೇವೆ. ಭಾಷೆಯಲ್ಲಿ ತಪ್ಪಿದ್ದರೆ ತಿದ್ದಿ, ಲೆಕ್ಕದಲ್ಲಿ ತಪ್ಪಿದ್ದರೆ ದಯವಿಟ್ಟು ಎಚ್‌ಒಡಿ ಸರ್‌ಗೆ ಹೇಳಬೇಡಿ.

ಕಾರು ನಮ್ಮಲ್ಲೊಬ್ಬನ ಮನೆಯದು. ಮನೆ ಸಕಲೇಶಪುರದ ಹತ್ತಿರ. 2012ರ ಹ್ಯಾಚ್‌ಬ್ಯಾಕ್, ಒಂದು ಲಕ್ಷ ಕಿಲೋಮೀಟರ್ ದಾಟಿದೆ. ಅವನ ಅಜ್ಜಿಗೆ ಬೆನ್ನುಮೂಳೆಯ ಆಪರೇಷನ್ ಆಗಿರೋದರಿಂದ ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಿ ತೋರಿಸಬೇಕು. ಅಂದರೆ ಶಿರಾಡಿ ಘಾಟಿ ಇಳಿಯಬೇಕು, ಮತ್ತೆ ಹತ್ತಬೇಕು. ಮಳೆಗಾಲ ಮುಗಿದ ಮೇಲೆ ಆ ರಸ್ತೆ ಹೇಗಿರುತ್ತೆ ಅಂತ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಒಂದೊಂದು ಗುಂಡಿಗೂ ಕಾರು ಮೂರು ಸಲ ಕುಣಿಯೋದು, ಅಜ್ಜಿ ಹಿಂದಿನ ಸೀಟಿನಲ್ಲಿ ಹಲ್ಲು ಕಚ್ಚಿ ಕೂರೋದು. ಆ ತಿಂಗಳು ಅವರು "ನಂಗೆ ಇನ್ ಆಸ್ಪತ್ರೆ ಬ್ಯಾಡ, ಮನೇಲೇ ಬಿಟ್‌ಬಿಡಿ" ಅಂದರಂತೆ. ಗೆಳೆಯ ಹಾಸ್ಟೆಲಿಗೆ ಬಂದು ಇದನ್ನು ಹೇಳಿದಾಗ ನಾವು ಯಾರೂ ಜೋಕ್ ಮಾಡಲಿಲ್ಲ. ಅವನ ಅಪ್ಪ ರಿಪೇರಿಗೆ 12,000 ರೂಪಾಯಿ ತೆಗೆದಿಟ್ಟಿದ್ದರು. ಅದರೊಳಗೆ ಆಗಬೇಕು.

ಕಾರಿಗೆ ಎರಡು ಕಾಯಿಲೆ ಇತ್ತು. ಒಂದು ಈ ಕುಣಿತ. ಇನ್ನೊಂದು, ಪಾರ್ಕಿಂಗ್ ಮಾಡುವಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನಿಂದ ಟಂಗ್ ಅಂತ ಒಂದು ಸದ್ದು, ಗಿಟಾರ್ ತಂತಿ ಬಿಟ್ಟ ಹಾಗೆ. ನಾವು ಎರಡೂ ಒಂದೇ ಕಾಯಿಲೆ ಅಂದುಕೊಂಡೆವು. ಅಲ್ಲೇ ಎಡವಿದ್ದು.

ಮೊದಲು ಕುಣಿತದ ವಿಷಯ. ಎಲ್ಲರೂ ಶಾಕ್ ಅಬ್ಸಾರ್ಬರ್ ಅಂತಾರೆ, ಗ್ಯಾರೇಜಿನಲ್ಲಿ ಶಾಕಬ್ಸರ್. ಹೆಸರೇ ದಾರಿ ತಪ್ಪಿಸುತ್ತೆ. ಶಾಕ್ ತಡೆದುಕೊಳ್ಳೋದು ಟೈರು ಮತ್ತು ಸ್ಪ್ರಿಂಗು. ಚಕ್ರ ಗುಂಡಿಗೆ ಬಿದ್ದು ಎದ್ದಾಗ ಸ್ಪ್ರಿಂಗ್ ಒತ್ತಿಕೊಂಡು ಆ ಶಕ್ತಿಯನ್ನು ತನ್ನಲ್ಲಿ ಇಟ್ಟುಕೊಳ್ಳುತ್ತೆ. ಆದರೆ ಸ್ಪ್ರಿಂಗ್ ತುಂಬಾ ಪ್ರಾಮಾಣಿಕ, ತೆಗೆದುಕೊಂಡಿದ್ದನ್ನು ಪೂರ್ತಿ ವಾಪಸ್ ಕೊಟ್ಟುಬಿಡುತ್ತೆ. ಅದಕ್ಕೇ ಕಾರು ಮೇಲೆ ಹಾರಿ, ಕೆಳಗೆ ಇಳಿದು, ಮತ್ತೆ ಹಾರುತ್ತೆ. ಆ ಶಕ್ತಿಯನ್ನು ವಾಪಸ್ ಕೊಡದೆ ಮಧ್ಯದಲ್ಲೇ ನುಂಗುವವನು ಒಬ್ಬ ಬೇಕು. ಅವನೇ ಡ್ಯಾಂಪರ್. ಎಣ್ಣೆ ತುಂಬಿದ ಕೊಳವೆ, ಅದರೊಳಗೆ ಸಣ್ಣ ತೂತುಗಳಿರುವ ಒಂದು ಪಿಸ್ಟನ್, ತೂತುಗಳ ಮೇಲೆ ತೆಳು ಉಕ್ಕಿನ ಬಿಲ್ಲೆಗಳು. ಪಿಸ್ಟನ್ ಓಡಾಡಿದಾಗ ಎಣ್ಣೆ ಆ ಸಂದಿಯಲ್ಲಿ ನುಗ್ಗಬೇಕು, ಕಷ್ಟಪಟ್ಟು ನುಗ್ಗುತ್ತೆ, ಬಿಸಿಯಾಗುತ್ತೆ. ಕುಣಿತದ ಶಕ್ತಿ ಬಿಸಿಯಾಗಿ ಗಾಳಿಗೆ ಹೋಗುತ್ತೆ. ಕೆಟ್ಟ ರಸ್ತೆಯಲ್ಲಿ ತುಂಬಾ ಹೊತ್ತು ಓಡಿಸಿ ನಿಲ್ಲಿಸಿ ಡ್ಯಾಂಪರ್ ಮುಟ್ಟಿ ನೋಡಿ, ಬೆಚ್ಚಗಿರುತ್ತೆ. ನಾಲ್ಕರಲ್ಲಿ ಒಂದು ಮಾತ್ರ ತಣ್ಣಗಿದ್ದರೆ ಅದು ಕೆಲಸ ಮಾಡ್ತಿಲ್ಲ ಅಂತ ಅನುಮಾನ ಪಡಬಹುದು.

ಐದನೇ ಸೆಮಿನ ವೈಬ್ರೇಷನ್ಸ್ ಪುಸ್ತಕವನ್ನು ಸೀನಿಯರ್ ಹತ್ತಿರ ಎರವಲು ತಂದು ಲೆಕ್ಕ ಹಾಕಿದೆವು. ಕಾರಿನ ಮುಂದಿನ ಒಂದು ಮೂಲೆಯ ಮೇಲೆ 250 ಕೆ.ಜಿ. ಭಾರ ಇದೆ, ಸ್ಪ್ರಿಂಗಿನ ಬಿಗಿತ ಮೀಟರಿಗೆ 20,000 ನ್ಯೂಟನ್ ಅಂತ ಇಟ್ಟುಕೊಳ್ಳಿ. ಸಣ್ಣ ಕಾರಿಗೆ ಇದು ಹತ್ತಿರದ ಅಂದಾಜು. ಬಿಗಿತವನ್ನು ಭಾರದಿಂದ ಭಾಗಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ ಸುಮಾರು 8.9 ರೇಡಿಯನ್, ಅಂದರೆ 1.4 ಹರ್ಟ್ಜ್. ಕಾರಿನ ಮೈ ತನ್ನಷ್ಟಕ್ಕೆ ಬಿಟ್ಟರೆ ಈ ವೇಗದಲ್ಲಿ ಕುಣಿಯುತ್ತೆ. ಹೆಚ್ಚುಕಮ್ಮಿ ನಾವು ನಡೆಯುವಾಗ ಹೆಜ್ಜೆ ಹಾಕುವ ಲಯದ ಹತ್ತಿರ.

ಸಾಮಾನ್ಯ ಕಾರುಗಳಲ್ಲಿ ಡ್ಯಾಂಪಿಂಗ್ ರೇಶಿಯೋ 0.2ರಿಂದ 0.4ರವರೆಗೆ ಇರುತ್ತೆ. 0.3 ಅಂತ ಹಿಡಿದರೆ ಒಂದು ಕುಣಿತ ಮುಗಿಯುವಷ್ಟರಲ್ಲಿ ಅದರ ಎತ್ತರ 14%ಗೆ ಇಳಿದಿರುತ್ತೆ. ಅಂದರೆ ಒಂದು ಸಲ ಏಳುತ್ತೆ, ಕೂರುತ್ತೆ, ಮುಗೀತು. ಎಣ್ಣೆ ಸೋರಿ ಅದೇ ರೇಶಿಯೋ 0.1ಕ್ಕೆ ಬಿದ್ದರೆ? ಒಂದು ಕುಣಿತದ ನಂತರವೂ 53% ಉಳಿದಿರುತ್ತೆ, ಎರಡರ ನಂತರ 28%, ಮೂರರ ನಂತರ 15%. ನಾವು ಪುಸ್ತಕ ಮುಚ್ಚಿ ಹಂಪಿನ ಪಕ್ಕ ನಿಂತು ಎಣಿಸಿದೆವು. ಕಾರು ಸರಿಯಾಗಿ ಮೂರು ಸಲ ಕುಣಿಯಿತು. ಪರೀಕ್ಷೆಯಲ್ಲಿ ಯಾವತ್ತೂ ಇಷ್ಟು ಖುಷಿಯಾಗಿರಲಿಲ್ಲ.

ಇನ್ನೊಂದು ವಿಷಯ ಇದೆ, ಅದು ಆರಾಮಕ್ಕಿಂತ ದೊಡ್ಡದು. ಕಾರಿನ ಮೈ ಮಾತ್ರ ಅಲ್ಲ, ಚಕ್ರವೂ ಟೈರಿನ ಗಾಳಿಯ ಮೇಲೆ ಕುಣಿಯುತ್ತೆ. ಚಕ್ರ, ಬ್ರೇಕು ಎಲ್ಲ ಸೇರಿ 35 ಕೆ.ಜಿ., ಟೈರಿನ ಬಿಗಿತ ಮೀಟರಿಗೆ 1,80,000 ನ್ಯೂಟನ್ ಅಂತ ಹಿಡಿದರೆ ಅದರ ಲಯ ಸುಮಾರು 12 ಹರ್ಟ್ಜ್. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, 1.4 ಮೀಟರಿಗೊಂದು ಉಬ್ಬು ಇರುವ ರಸ್ತೆಯಲ್ಲಿ ಹೋದರೆ ಸರಿಯಾಗಿ ಅದೇ ಲಯ ಬರುತ್ತೆ. ಡ್ಯಾಂಪರ್ ಸತ್ತಿದ್ದರೆ ಚಕ್ರ ನೆಲ ಬಿಟ್ಟು ನೆಲ ಮುಟ್ಟಿ ಪುಟಿಯುತ್ತೆ. ಪುಟಿಯುವ ಟೈರಿಗೆ ಹಿಡಿತ ಇಲ್ಲ. ಘಾಟಿ ಇಳಿಯುವಾಗ ತಿರುವಿನಲ್ಲಿ ಬ್ರೇಕ್ ಒತ್ತಿದ ಹೊತ್ತಿಗೆ ಅದು ಗಾಳಿಯಲ್ಲಿದ್ದರೆ ಏನಾಗುತ್ತೆ ಅಂತ ನೀವೇ ಯೋಚಿಸಿ. ಅಜ್ಜಿಯ ಬೆನ್ನಿನ ವಿಷಯವಾಗಿ ಶುರುವಾದದ್ದು ಇಲ್ಲಿಗೆ ಬಂದು ನಿಂತಾಗ ನಮಗೆ ಸ್ವಲ್ಪ ಭಯವೇ ಆಯಿತು.

ಬಾನೆಟ್ ಮೂಲೆಯನ್ನು ಕೈಯಲ್ಲಿ ಒತ್ತಿ ಬಿಟ್ಟು ನೋಡೋ ಪರೀಕ್ಷೆ ಎಲ್ಲರಿಗೂ ಗೊತ್ತು. ಅದು ಪೂರ್ತಿ ಸತ್ತ ಡ್ಯಾಂಪರನ್ನು ಮಾತ್ರ ಹಿಡಿಯುತ್ತೆ. ಕೈಯಿಂದ ಒತ್ತುವ ವೇಗ ತುಂಬಾ ಕಮ್ಮಿ, ಗುಂಡಿಯಲ್ಲಿ ಪಿಸ್ಟನ್ ಓಡುವ ವೇಗ ಬೇರೆಯೇ. ಅದಕ್ಕಿಂತ ಕೆಳಗೆ ಬಗ್ಗಿ ಕೊಳವೆ ನೋಡಿ. ಎಣ್ಣೆ ಇಳಿದು ಮಣ್ಣು ಮೆತ್ತಿಕೊಂಡಿದ್ದರೆ ಸೀಲ್ ಹೋಗಿದೆ. ಟೈರಿನ ಮೇಲೆ ಅಲ್ಲಲ್ಲಿ ತಟ್ಟೆ ತಟ್ಟೆಯಾಗಿ ಸವೆದಿದ್ದರೆ ಅದೂ ಗುರುತು. ನಮ್ಮ ಕಾರಿಗೆ ಎರಡೂ ಇತ್ತು.

ಇನ್ನು ಬಿಚ್ಚುವ ಮೊದಲು ಮುಂದಿನ ಸಸ್ಪೆನ್ಷನ್ ಹೇಗಿರುತ್ತೆ ಅಂತ ಹೇಳಿಬಿಡಬೇಕು. ನಮ್ಮ ದೇಶದ ಸಣ್ಣ ಕಾರುಗಳಲ್ಲಿ ಬಹುತೇಕ ಎಲ್ಲದಕ್ಕೂ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಅಮೆರಿಕದ ಇಂಜಿನಿಯರ್, ಜನರಲ್ ಮೋಟಾರ್ಸ್‌ನಲ್ಲಿದ್ದು ಆಮೇಲೆ ಫೋರ್ಡ್ ಸೇರಿದವರು. 1950ರ ದಶಕದ ಶುರುವಿನಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್, ಝೆಫರ್ ಕಾರುಗಳಲ್ಲಿ ಈ ವಿನ್ಯಾಸ ಬಂತು. ಡ್ಯಾಂಪರ್ ಮತ್ತು ಸ್ಪ್ರಿಂಗ್ ಒಂದೇ ಕಂಬದಲ್ಲಿ. ಆ ಕಂಬವೇ ಚಕ್ರವನ್ನು ನೆಟ್ಟಗೆ ಹಿಡಿದಿಡುತ್ತೆ. ಮೇಲಿನ ವಿಶ್‌ಬೋನ್ ಬೇಡ, ಜಾಗ ಉಳಿಯಿತು, ದುಡ್ಡು ಉಳಿಯಿತು.

ಆದರೆ ಇದರಲ್ಲಿ ಒಂದು ವಿಚಿತ್ರ ಇದೆ. ನಾವು ಬಿಚ್ಚಿ ಕೈಯಲ್ಲಿ ಹಿಡಿಯುವವರೆಗೂ ನಮಗೆ ಹೊಳೆದಿರಲಿಲ್ಲ. ಸ್ಟೀರಿಂಗ್ ತಿರುಗಿಸಿದರೆ ಚಕ್ರದ ಜೊತೆ ಇಡೀ ಕಂಬ ತಿರುಗುತ್ತೆ! ಸ್ಪ್ರಿಂಗಿನ ಕೆಳತುದಿ ಕಂಬದ ತಟ್ಟೆ ಮೇಲೆ ಕೂತಿದೆ, ಅದು ತಿರುಗಲೇಬೇಕು. ಮೇಲ್ತುದಿ ಕಾರಿನ ಮೈಗೆ ಬಿಗಿದ ಮೌಂಟಿಂಗ್ ಕೆಳಗಿದೆ, ಅದು ತಿರುಗುವಂತಿಲ್ಲ. ಇವೆರಡರ ಮಧ್ಯೆ ಒಂದು ಬೇರಿಂಗ್ ಬೇಕೇ ಬೇಕು. ಅಂಗೈ ಅಗಲದ, ಪ್ಲಾಸ್ಟಿಕ್ ಕವಚದೊಳಗೆ ಸಣ್ಣ ಗುಂಡುಗಳಿರುವ ಒಂದು ಬಳೆ. ಕಾರಿನ ಆ ಮೂಲೆಯ ಭಾರ ಇದರ ಮೂಲಕವೇ ದಾಟುತ್ತೆ. ಬೆಲೆ ಮಾತ್ರ ಕೆಲವು ನೂರು ರೂಪಾಯಿ.

ಬೇರಿಂಗ್ ಅಂದ ತಕ್ಷಣ ಗಿರಗಿರ ತಿರುಗೋದು ನೆನಪಾಗುತ್ತೆ ಅಲ್ವಾ? ಇದು ಜೀವಮಾನದಲ್ಲಿ ಒಂದು ಸುತ್ತೂ ಪೂರ್ತಿ ತಿರುಗೋದಿಲ್ಲ. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ಹೆಚ್ಚಿನ ಹೊತ್ತು ನೇರ. ಅಂದರೆ ಗುಂಡುಗಳು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೂತು ಗುಂಡಿಯ ಏಟು ತಿಂತಾವೆ. ಗ್ರೀಸ್ ಪಕ್ಕಕ್ಕೆ ಸರಿದುಹೋಗುತ್ತೆ, ಗುಂಡು ಕೂತ ಕಡೆ ಸಣ್ಣ ಸಣ್ಣ ತಗ್ಗು ಬೀಳುತ್ತೆ. ಮಲೆನಾಡಿನ ಮಳೆಯ ಕೆಸರು ನೀರು ಒಳಗೆ ಹೋದರೆ ಜೊತೆಗೆ ತುಕ್ಕು. ಆಮೇಲೆ ಬೇರಿಂಗ್ ಕಚ್ಚಿಕೊಳ್ಳುತ್ತೆ. ಆಗ ಸ್ಟೀರಿಂಗ್ ತಿರುಗಿಸಿದರೆ ಸ್ಪ್ರಿಂಗ್ ಜಾರುವ ಬದಲು ಮುರಿದುಕೊಳ್ಳುತ್ತೆ, ಅಂದರೆ ಹಗ್ಗ ಹೊಸೆದ ಹಾಗೆ ಹೊಸೆದುಕೊಳ್ಳುತ್ತೆ. ಒಂದು ಹಂತ ದಾಟಿದ ಮೇಲೆ ಫಟ್ಟನೆ ಬಿಡುತ್ತೆ. ಆ ಟಂಗ್ ಸದ್ದು ಅದೇ. ಇನ್ನೊಂದು ಲಕ್ಷಣ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರೋದಿಲ್ಲ, ನೀವೇ ತರಬೇಕು.

ಇದೆಲ್ಲ ಈಗ ಬರೀತಿದ್ದೇವೆ. ಆಗ ಗೊತ್ತಿರಲಿಲ್ಲ. ಆಗ ನಾವು ಮಾಡಿದ್ದು ಏನಂದ್ರೆ, ಮುಂದಿನ ಎರಡು ಡ್ಯಾಂಪರ್ ಮಾತ್ರ ತಂದು, ಹಳೇ ಮೌಂಟಿಂಗ್ ಮತ್ತು ಬೇರಿಂಗನ್ನೇ ಒರೆಸಿ ವಾಪಸ್ ಹಾಕಿದ್ದು. ಸಕಲೇಶಪುರದ ಗ್ಯಾರೇಜಿನ ಮೇಸ್ತ್ರಿ, ನಾವು ಅಣ್ಣ ಅಂತೀವಿ, ಮೊದಲೇ ಹೇಳಿದ್ದರು. "ನೋಡ್ರಪ್ಪಾ, ಬಿಚ್ಚೋದೇ ದೊಡ್ಡ ಕೆಲಸ. ಬಿಚ್ಚಿದ್ ಮೇಲೆ ಮೇಲಿಂದೂ ಹಾಕ್ಬಿಡಿ." ನಾವು ದುಡ್ಡು ಉಳಿಸ್ತೀವಿ ಅಂತ ಹೊರಟವರು, ಕೇಳಲಿಲ್ಲ. ಬೇರಿಂಗನ್ನು ಕೈಯಲ್ಲಿ ಹಿಡಿದು ತಿರುಗಿಸಿದೆವು, ತಿರುಗಿತು, ಚೆನ್ನಾಗಿದೆ ಅಂದೆವು. ಕೈಯಲ್ಲಿ ಭಾರ ಇಲ್ಲದೆ ತಿರುಗೋದು ಬೇರೆ, 250 ಕೆ.ಜಿ. ಹೊತ್ತುಕೊಂಡು ತಿರುಗೋದು ಬೇರೆ. ಎರಡನೇ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ನಾಲ್ಕು ಜನ, ಒಬ್ಬರಿಗೂ ಇದು ಹೊಳೆಯಲಿಲ್ಲ.

ಆ ದಿನವೇ ಇನ್ನೂ ದೊಡ್ಡ ತಪ್ಪು ಒಂದು ತಪ್ಪಿತು. ಸ್ಟ್ರಟ್ ಹೊರಗೆ ತೆಗೆದ ಮೇಲೆ ಡ್ಯಾಂಪರ್ ಬದಲಿಸಬೇಕಾದರೆ ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಒತ್ತಿ ಹಿಡಿಯಬೇಕು, ಆಮೇಲೆ ಮಾತ್ರ ನಡುವಿನ ದೊಡ್ಡ ನಟ್ ಬಿಚ್ಚಬೇಕು. ನಾವು ಕಂಪ್ರೆಸರಿನ ಎರಡು ಕೊಕ್ಕೆಗಳನ್ನು ಎದುರುಬದುರು ಹಾಕದೆ ಒಂದೇ ಕಡೆ ವಾಲಿಸಿ ಹಾಕಿದ್ದೆವು. ಬಿಗಿಯುತ್ತಾ ಹೋದ ಹಾಗೆ ಸ್ಪ್ರಿಂಗ್ ಬಾಳೆಹಣ್ಣಿನ ಹಾಗೆ ಬಾಗತೊಡಗಿತು. ಅಣ್ಣ ಆ ಕಡೆಯಿಂದ "ಏಯ್, ಕೈ ತೆಗೀರೋ!" ಅಂತ ಕೂಗಿದ ರೀತಿ ಇನ್ನೂ ಕಿವಿಯಲ್ಲಿದೆ. ರಾತ್ರಿ ಲೆಕ್ಕ ಹಾಕಿದೆವು. ಮಿಲಿಮೀಟರಿಗೆ 20 ನ್ಯೂಟನ್ ಬಿಗಿತದ ಸ್ಪ್ರಿಂಗನ್ನು 100 ಮಿಲಿಮೀಟರ್ ಒತ್ತಿದರೆ 2,000 ನ್ಯೂಟನ್ ಬಲ, ಅಂದರೆ ಸುಮಾರು 200 ಕೆ.ಜಿ. ಭಾರ. ಒಳಗಿರುವ ಶಕ್ತಿ 100 ಜೂಲ್, 10 ಕೆ.ಜಿ. ಅಕ್ಕಿ ಚೀಲ ಒಂದು ಮೀಟರ್ ಎತ್ತರದಿಂದ ಬೀಳುವಷ್ಟು. ಅದು ಮುಖದ ಕಡೆಗೆ, ಉಕ್ಕಿನ ರೂಪದಲ್ಲಿ. ಕಾರಿನ ಮೇಲೆ ಇರುವಾಗಲೇ ನಡುವಿನ ನಟ್ಟಿಗೆ ಪಾನಾ ಹಾಕುವವರೂ ಇದ್ದಾರಂತೆ. ಬಾನೆಟ್ ತೆರೆದರೆ ಕಾಣುವ ಸುತ್ತಲಿನ ಸಣ್ಣ ನಟ್ಟುಗಳು ಬೇರೆ, ನಡುವಿನದು ಬೇರೆ. ಸ್ಟ್ರಟ್ ಇಳಿಸುವಾಗ ನಡುವಿನದನ್ನು ಮುಟ್ಟಲೇಬಾರದು. ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿಡಿ. ಸಾಧ್ಯವಾದರೆ ಸ್ಪ್ರಿಂಗ್ ಕೆಲಸವನ್ನು ಮೇಸ್ತ್ರಿಗೇ ಬಿಡಿ. ಎರಡನೇ ಸಲ ನಾವೂ ಬಿಟ್ಟೆವು.

ಎರಡನೇ ಸಲ ಯಾಕೆ ಅಂದರೆ, ಕಾರು ಕುಣಿಯೋದು ನಿಂತಿತ್ತು, ಆದರೆ ಟಂಗ್ ಹಾಗೇ ಇತ್ತು. ಹೊಸ ಶಾಕಬ್ಸರ್ ಹಾಕಿಸಿ ವಾರ ಆಗಿಲ್ಲ, ಅಪ್ಪನ ಎದುರು ಗೆಳೆಯನ ಮುಖ ಇಷ್ಟುದ್ದ. ಆಗ ಅಣ್ಣ ತೋರಿಸಿದ ಪರೀಕ್ಷೆ ಹೀಗಿತ್ತು. ಕಾರು ನೆಲದ ಮೇಲೆ ಇರಲಿ, ಒಬ್ಬರು ನಿಧಾನಕ್ಕೆ ಸ್ಟೀರಿಂಗ್ ತಿರುಗಿಸಲಿ. ಇನ್ನೊಬ್ಬರು ಸ್ಪ್ರಿಂಗಿನ ಹೊರಮೈಗೆ ಎರಡು ಬೆರಳು ಮೆಲ್ಲಗೆ ತಾಗಿಸಲಿ, ಸುರುಳಿಗಳ ಸಂದಿಗೆ ಬೆರಳು ಹಾಕಬಾರದು. ಸ್ಪ್ರಿಂಗ್ ಚಕ್ರದ ಜೊತೆ ಸರಾಗವಾಗಿ ತಿರುಗಿದರೆ ಬೇರಿಂಗ್ ಸರಿ ಇದೆ. ತಡೆದು ತಡೆದು, ಜಿಗಿದು ತಿರುಗಿದರೆ ಇಲ್ಲ. ನಮ್ಮ ಬಲಗಡೆಯದು ಬೆರಳಿಗೆ ಏಟು ಕೊಟ್ಟ ಹಾಗೆ ಜಿಗಿಯಿತು. ಎರಡು ನಿಮಿಷದ ಪರೀಕ್ಷೆ. ಮೊದಲೇ ಮಾಡಿದ್ದರೆ ಎರಡು ಸಲ ಕೂಲಿ ಕೊಡೋದು ತಪ್ಪುತ್ತಿತ್ತು.

ಈ ಮಧ್ಯೆ ನಮ್ಮೊಳಗೆ ಒಂದು ಜಗಳವೂ ಆಯಿತು. ನಮ್ಮಲ್ಲೊಬ್ಬ ರೇಸಿಂಗ್ ಹುಚ್ಚಿನವನು. ಹೇಗೂ ಎರಡನೇ ಸಲ ಬಿಚ್ತೀವಿ, ಗಟ್ಟಿ ಡ್ಯಾಂಪರ್ ಹಾಕೋಣ, ರಬ್ಬರ್ ಮೌಂಟಿಂಗ್ ಬದಲು ಪಿಲ್ಲೋಬಾಲ್ ಹಾಕೋಣ ಅಂದ. ಪಿಲ್ಲೋಬಾಲ್ ಅಂದರೆ ಲೋಹದ ಗೋಳದ ಬೇರಿಂಗ್. ರಬ್ಬರ್ ಇಲ್ಲದ್ದರಿಂದ ಸ್ಟೀರಿಂಗ್ ಹೇಳಿದ ಮಾತು ತಕ್ಷಣ ಕೇಳುತ್ತೆ, ಟ್ರ್ಯಾಕಿನಲ್ಲಿ ಅದು ಒಳ್ಳೇದು. ಆದರೆ ರಸ್ತೆಯ ಪ್ರತಿಯೊಂದು ಕಲ್ಲಿನ ಸುದ್ದಿಯೂ ನೇರ ಕಾರಿನ ಮೈಗೆ ಬರುತ್ತೆ. ಧೂಳು, ಕೆಸರಿಗೆ ಬೇಗ ಸವೆದು ಕಟಕಟ ಅನ್ನುತ್ತೆ. ಗಟ್ಟಿ ಡ್ಯಾಂಪರಿನ ಕಥೆಯೂ ಇದೇ, ಇದಕ್ಕೆ ಪುಸ್ತಕದಲ್ಲೇ ಉತ್ತರ ಇತ್ತು. ಕಾರಿನ ಸ್ವಂತ ಲಯದ 1.4 ಪಟ್ಟಿಗಿಂತ, ಅಂದರೆ ನಮ್ಮ ಲೆಕ್ಕದಲ್ಲಿ 2 ಹರ್ಟ್ಜ್‌ಗಿಂತ, ವೇಗವಾಗಿ ಬರುವ ಉಬ್ಬುಗಳಿಗೆ ಡ್ಯಾಂಪಿಂಗ್ ಹೆಚ್ಚಿಸಿದಷ್ಟೂ ಮೈಗೆ ಹೆಚ್ಚು ಅಲುಗಾಟ ದಾಟುತ್ತೆ. ಗಂಟೆಗೆ 40 ಕಿಲೋಮೀಟರಿನಲ್ಲಿ 2 ಮೀಟರಿಗೊಂದು ತೇಪೆ ಇರುವ ರಸ್ತೆ ಅಂದರೆ ಐದೂವರೆ ಹರ್ಟ್ಜ್. ನಮ್ಮ ರಸ್ತೆಗಳೆಲ್ಲ ತೇಪೆಯೇ. ಗಟ್ಟಿ ಡ್ಯಾಂಪರ್ ದೊಡ್ಡ ಕುಣಿತ ನಿಲ್ಲಿಸುತ್ತೆ, ಸಣ್ಣ ನಡುಕ ಹೆಚ್ಚಿಸುತ್ತೆ. ಅಜ್ಜಿಯ ಬೆನ್ನಿಗೆ ಆ ನಡುಕವೇ ಶತ್ರು. "ಅಪ್‌ಗ್ರೇಡ್ ಯಾರಿಗೆ, ನಿಂಗಾ ಅಜ್ಜಿಗಾ?" ಅಂತ ಕೇಳಿದ ಮೇಲೆ ಅವನೂ ಒಪ್ಪಿದ. ಕಾರಿನ ಎತ್ತರ, ಅಳತೆಗಳನ್ನೇ ಬದಲಿಸುವ ಕಾಯ್ಲೋವರ್ ತರಹದ್ದು ಹಾಕಬೇಕು ಅನ್ನುವವರು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಮ್ಮೆ ಓದಿ. ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆಗೆ ಅಲ್ಲಿ ತಡೆ ಇದೆ.

ಹೊಸ ಮೌಂಟಿಂಗ್, ಹೊಸ ಬೇರಿಂಗ್, ಬಂಪ್ ಸ್ಟಾಪ್, ಧೂಳು ತಡೆಯುವ ರಬ್ಬರ್ ತೊಗಲು, ಎಲ್ಲ ಎರಡೂ ಕಡೆಗೆ ತಂದೆವು. ಒಂದೇ ಕಡೆ ಬದಲಿಸಿದರೆ ಕಾರು ಬ್ರೇಕ್ ಹಾಕಿದಾಗ ಎಡಕ್ಕೂ ಬಲಕ್ಕೂ ಬೇರೆ ಬೇರೆ ತರ ನಡೆದುಕೊಳ್ಳುತ್ತೆ.

ಜೋಡಿಸುವಾಗ ಅಣ್ಣನಿಂದ ಕಲಿತದ್ದು ಕೆಲವಿದೆ, ಯಾವ ಲ್ಯಾಬಿನಲ್ಲೂ ಹೇಳಿಕೊಟ್ಟಿರಲಿಲ್ಲ. ಹೊಸ ಡ್ಯಾಂಪರ್ ಡಬ್ಬಿಯಲ್ಲಿ ಮಲಗಿ ಬಂದಿರುತ್ತೆ. ಎರಡು ಕೊಳವೆಯ ಮಾದರಿಯಲ್ಲಿ ಆಗ ಗ್ಯಾಸ್ ಎಣ್ಣೆಯ ಕಡೆ ನುಸುಳಿರಬಹುದು. ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆದು ಆಮೇಲೆ ಹಾಕಬೇಕು. ಮೊದಲ ಒತ್ತಿನಲ್ಲಿ ಟೊಳ್ಳು ಟೊಳ್ಳಾಗಿ ಸಿಗುತ್ತೆ, ಐದನೆಯದಕ್ಕೆ ಗಟ್ಟಿಯಾಗುತ್ತೆ, ಕೈಗೇ ಗೊತ್ತಾಗುತ್ತೆ. ಹೊಳೆಯುವ ಕಡ್ಡಿಯನ್ನು ಪ್ಲೈಯರ್‌ನಲ್ಲಿ ಹಿಡಿಯಬಾರದು. ಒಂದು ಗೀರು ಬಿದ್ದರೆ ಅದು ಸೀಲನ್ನು ಕೆರೆದು ಕೆಲವು ತಿಂಗಳಲ್ಲಿ ಎಣ್ಣೆ ಸೋರುತ್ತೆ. ಸ್ಪ್ರಿಂಗಿನ ತುದಿ ತಟ್ಟೆಯಲ್ಲಿರುವ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂರಬೇಕು. ಬೇರಿಂಗಿಗೆ ಮೇಲು ಕೆಳಗು ಇದೆ, ತಲೆಕೆಳಗಾಗಿ ಹಾಕಿದರೆ ಹೊಸದೂ ಹಳೆಯದರಂತೆಯೇ ಸದ್ದು ಮಾಡುತ್ತೆ. ಬ್ರೇಕ್ ಕ್ಯಾಲಿಪರನ್ನು ಪೈಪಿನಲ್ಲಿ ನೇತಾಡಲು ಬಿಡದೆ ತಂತಿಯಲ್ಲಿ ಕಟ್ಟಬೇಕು. ಚಕ್ರದ ಗೆಣ್ಣಿಗೆ ಸ್ಟ್ರಟ್ ಸೇರುವ ಎರಡು ಬೋಲ್ಟುಗಳ ಜಾಗವನ್ನು ಬಿಚ್ಚುವ ಮೊದಲೇ ಗುರುತು ಮಾಡಿಕೊಳ್ಳಬೇಕು, ಅಲ್ಲಿ ಸ್ವಲ್ಪ ಸರಿದರೂ ಕ್ಯಾಂಬರ್ ಬದಲಾಗುತ್ತೆ. ಗುರುತು ಮಾಡಿದ್ದರೂ ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು.

ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು, ಉದಾಹರಣೆಗೆ ಹಿಂದಿನ ಡ್ಯಾಂಪರಿನ ಕೆಳಗಿನದನ್ನು, ಕಾರು ಜಾಕಿ ಮೇಲೆ ಇರುವಾಗ ಪೂರ್ತಿ ಬಿಗಿಯಬಾರದು. ಚಕ್ರ ನೇತಾಡುವ ಸ್ಥಿತಿಯಲ್ಲಿ ಬಿಗಿದರೆ, ಕಾರು ಇಳಿಸಿದಾಗ ಬುಷ್ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ. ನೆಲಕ್ಕೆ ಇಳಿಸಿ, ಭಾರ ಬಿದ್ದ ಮೇಲೆ ಬಿಗಿಯಬೇಕು. ಕಾರಣ ಗೊತ್ತಾದ ಮೇಲೆ ಎಷ್ಟು ಸರಳ ಅನ್ನಿಸಿತು.

ಖರ್ಚು ಎರಡು ಸಲದ ಕೂಲಿ, ಅಲೈನ್‌ಮೆಂಟ್ ಎಲ್ಲ ಸೇರಿ 12,000 ದಾಟಿತು. ದಾಟಿದ್ದನ್ನು ನಾವು ನಾಲ್ಕು ಜನ ಹಂಚಿಕೊಂಡೆವು. ನಮ್ಮ ತಪ್ಪಿಗೆ ಅವನ ಅಪ್ಪ ಯಾಕೆ ಕೊಡಬೇಕು? ಹಿಂದಿನ ಡ್ಯಾಂಪರುಗಳಿಗೆ ದುಡ್ಡು ಉಳಿಯಲಿಲ್ಲ. ಅವು ಸೋರುತ್ತಿಲ್ಲ, ಆದರೆ ಹಳೆಯವು, ಸಂಕ್ರಾಂತಿ ರಜೆಗೆ ಮಾಡಬೇಕು.

ಮುಂದಿನ ತಿಂಗಳು ಮಂಗಳೂರಿಗೆ ಹೋಗಿ ಬಂದ ಮೇಲೆ ಗೆಳೆಯ ಫೋನ್ ಮಾಡಿದ. ಅಜ್ಜಿ ಘಾಟಿ ಇಳಿಯುವಾಗ ಅರ್ಧ ದಾರಿ ನಿದ್ದೆ ಹೋಗಿದ್ದರಂತೆ. ಎದ್ದು, "ರಸ್ತೆ ಸರಿ ಮಾಡ್ಸಿದಾರೇನೋ?" ಅಂತ ಕೇಳಿದರಂತೆ. ರಸ್ತೆ ಹಾಗೇ ಇದೆ ಅಂತ ಅವನು ಹೇಳಲಿಲ್ಲವಂತೆ, ಹೂಂ ಅಂದನಂತೆ.